ಮಾಧ್ಯಮ ಮತ್ತು ರಾಜಕೀಯ ಸಂವಹನ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ವಿದ್ಯಾರ್ಥಿಗಳಿಗೆ ಸ್ನಾತಕೋತ್ತರ ಓದಿನ ದಾರಿ

ಮಕ್ಕಳ ಮುಂದಿನ ಓದಿನ ಮಾತು ಬಂದಾಗ ಜೈನ ಕುಟುಂಬಗಳಲ್ಲಿ ಮೊದಲು ಕೇಳಿಬರುವ ಹೆಸರುಗಳು ಸಿ.ಎ., ಇಂಜಿನಿಯರಿಂಗ್, ಎಂ.ಬಿ.ಎ. ಅಂಗಡಿ ಅಥವಾ ಅಡತ್ ವ್ಯಾಪಾರ ಇರುವ ಮನೆಗಳಲ್ಲಿ ಬಿ.ಕಾಂ. ಮುಗಿದರೆ ಸಾಕು ಎನ್ನುವವರೂ ಇದ್ದಾರೆ. ಮಗನೋ ಮಗಳೋ ಪತ್ರಿಕೋದ್ಯಮ ಓದುತ್ತೇನೆ ಎಂದರೆ, ಅದು ಟಿ.ವಿ.ಯಲ್ಲಿ ಮುಖ ತೋರಿಸುವ ಕೆಲಸ ಎಂದು ಹಿರಿಯರು ತಿಳಿಯುವುದುಂಟು. ಅದರ ಜೊತೆ ‘ರಾಜಕೀಯ’ ಎಂಬ ಪದವೂ ಸೇರಿದರೆ, ನಮ್ಮಂಥವರಿಗೆ ಅದೇಕೆ ಎಂಬ ಮಾತು ಬರುತ್ತದೆ. ಆದರೆ ಈ ವಿಷಯ ಕಲಿಸುವುದು ರಾಜಕೀಯ ಮಾಡುವುದನ್ನಲ್ಲ. ಸರ್ಕಾರ, ಪಕ್ಷ, ಪತ್ರಿಕೆ ಮತ್ತು ಜನರ ನಡುವೆ ಮಾತು ಹೇಗೆ ಹರಿಯುತ್ತದೆ, ಎಲ್ಲಿ ತಡೆಯುತ್ತದೆ, ಯಾರ ಮಾತು ಮೇಲಿನವರೆಗೆ ತಲುಪುತ್ತದೆ, ಯಾರದ್ದು ತಲುಪುವುದಿಲ್ಲ ಎಂಬುದನ್ನು ಲೆಕ್ಕಾಚಾರದೊಂದಿಗೆ ನೋಡುವ ವಿದ್ಯೆ ಇದು.

ಕಲಬುರಗಿ ಜಿಲ್ಲೆಯ ಪೂರ್ವ ಭಾಗದಲ್ಲಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯ ವಿದ್ಯಾರ್ಥಿಗಳಿಗೆ ಈ ಓದಿನಲ್ಲಿ ಇರುವ ಅನುಕೂಲವನ್ನು ಅಲ್ಲಿಯ ಕುಟುಂಬಗಳೇ ಹೆಚ್ಚಾಗಿ ಗಮನಿಸಿಲ್ಲ. ಬೇರೆ ಕಡೆಯವರು ಪುಸ್ತಕದಲ್ಲಿ ಓದುವ ಸಂಗತಿಗಳು ಇಲ್ಲಿ ಊರಿನೊಳಗೇ ನಡೆದಿವೆ, ಈಗಲೂ ನಡೆಯುತ್ತಿವೆ.

ವಿಷಯ ಏನು?

ಈ ಅಧ್ಯಯನಕ್ಕೆ ಅಡಿಪಾಯ ಬಿದ್ದದ್ದು ಅಮೆರಿಕದಲ್ಲಿ. 1940ರ ಅಧ್ಯಕ್ಷೀಯ ಚುನಾವಣೆಯ ಸಮಯದಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಓಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ ಅದೇ ಮತದಾರರನ್ನು ತಿಂಗಳು ತಿಂಗಳು ಮಾತನಾಡಿಸಿದರು. ರೇಡಿಯೊ ಮತ್ತು ಪತ್ರಿಕೆ ನೇರವಾಗಿ ಮತ ಬದಲಿಸುತ್ತವೆ ಎಂಬ ಆಗಿನ ನಂಬಿಕೆ ಅಲ್ಲಿ ನಿಲ್ಲಲಿಲ್ಲ. ಸುದ್ದಿಯನ್ನು ಹೆಚ್ಚು ಗಮನಿಸುವ ಕೆಲವರು ಪ್ರತಿ ಊರಿನಲ್ಲೂ ಇರುತ್ತಾರೆ, ಉಳಿದವರು ಅವರ ಮಾತಿಗೆ ಹೆಚ್ಚು ಬೆಲೆ ಕೊಡುತ್ತಾರೆ ಎಂಬುದು ಕಂಡುಬಂತು. 1944ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ‘ಎರಡು ಹಂತದ ಹರಿವು’ ಎಂಬ ಪರಿಕಲ್ಪನೆ ಬೆಳೆಯಿತು. ಸಂಜೆ ಹೊತ್ತು ಸೇಡಂನ ಅಡತ್ ಅಂಗಡಿಯ ಮುಂದೆಯೋ ವಾಡಿ ಸ್ಟೇಷನ್ ಹತ್ತಿರದ ಚಹಾದ ಅಂಗಡಿಯಲ್ಲೋ ಕುಳಿತವರಿಗೆ ಇದು ಹೊಸ ಸಂಗತಿಯಲ್ಲ. ಪೇಪರ್ ಓದಿದವನೊಬ್ಬ ಹೇಳುತ್ತಾನೆ, ಹತ್ತು ಮಂದಿ ಕೇಳುತ್ತಾರೆ. ಈಗ ಆ ಒಬ್ಬನ ಜಾಗದಲ್ಲಿ ವಾಟ್ಸ್ಆ್ಯಪ್ ಗ್ರೂಪಿನ ಅಡ್ಮಿನ್ ಇದ್ದಾನೆ.

ಇನ್ನೊಂದು ಮುಖ್ಯ ಅಧ್ಯಯನ 1968ರದ್ದು. ಮ್ಯಾಕ್ಸ್‌ವೆಲ್ ಮೆಕೊಂಬ್ಸ್ ಮತ್ತು ಡೊನಾಲ್ಡ್ ಶಾ ಅವರು ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲಿ ಮತದಾರರು ಯಾವುದನ್ನು ದೊಡ್ಡ ಸಮಸ್ಯೆ ಎನ್ನುತ್ತಾರೆ, ಪತ್ರಿಕೆಗಳು ಯಾವುದಕ್ಕೆ ಹೆಚ್ಚು ಜಾಗ ಕೊಟ್ಟಿವೆ ಎಂದು ಹೋಲಿಸಿ ನೋಡಿದರು. ಎರಡೂ ಪಟ್ಟಿಗಳು ಬಹಳ ಮಟ್ಟಿಗೆ ಒಂದಕ್ಕೊಂದು ಹೊಂದಿದವು. ಪತ್ರಿಕೆಯಲ್ಲಿ ಜಾಗ ಸಿಗದ ಸಮಸ್ಯೆ ಜನರ ಮನಸ್ಸಿನಲ್ಲೂ ಹಿಂದಕ್ಕೆ ಸರಿಯುತ್ತದೆ ಎಂಬುದು ಇದರ ಮರುಮುಖ.

ಸಮಾಜದವರಿಗೆಲ್ಲ ಗೊತ್ತಿರುವ ಸಮ್ಮೇದ ಶಿಖರಜಿ ವಿಷಯವನ್ನೇ ತೆಗೆದುಕೊಳ್ಳಬಹುದು. ಪಾರಸನಾಥ ಬೆಟ್ಟದ ವನ್ಯಜೀವಿಧಾಮದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಿಸಿದ ಕೇಂದ್ರದ ಅಧಿಸೂಚನೆ ಬಂದದ್ದು 2019ರ ಆಗಸ್ಟ್‌ನಲ್ಲಿ. ಅದರಲ್ಲಿ ಪರಿಸರ ಪ್ರವಾಸೋದ್ಯಮದ ಪ್ರಸ್ತಾಪ ಇತ್ತು. ದೇಶದಾದ್ಯಂತ ಜೈನರು ಬೀದಿಗೆ ಇಳಿದದ್ದು 2022ರ ಡಿಸೆಂಬರ್‌ನಲ್ಲಿ. 2023ರ ಜನವರಿ 5ರಂದು ಕೇಂದ್ರ ಪರಿಸರ ಸಚಿವಾಲಯ ಅಲ್ಲಿಯ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ಕೊಟ್ಟಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಗೆಜೆಟ್‌ನಲ್ಲಿ ಮಲಗಿದ್ದ ವಿಷಯ ಕೆಲವೇ ವಾರಗಳಲ್ಲಿ ರಾಷ್ಟ್ರೀಯ ಸುದ್ದಿಯಾದದ್ದು ಹೇಗೆ? ಅಧಿಸೂಚನೆ ಹೊರಟಾಗಲೇ ಅದನ್ನು ಓದಿ ತಿಳಿಸುವವರು ಯಾಕೆ ಇರಲಿಲ್ಲ? ಒಂದು ಎಂ.ಎ. ಪ್ರಬಂಧಕ್ಕೆ ಸಾಕಾಗುವಷ್ಟು ವಿಷಯ ಇದರಲ್ಲಿದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ 4,40,280, ಅಂದರೆ ಶೇ. 1ಕ್ಕಿಂತ ಕಡಿಮೆ. ಮತಗಳ ಲೆಕ್ಕದಲ್ಲಿ ಸಣ್ಣದಾದ ಸಮಾಜಕ್ಕೆ ಗೆಜೆಟ್ ಓದಬಲ್ಲ, ಪತ್ರಕರ್ತನೊಡನೆ ಸರಿಯಾಗಿ ಮಾತನಾಡಬಲ್ಲ, ಸುಳ್ಳು ಸುದ್ದಿಯನ್ನು ದಾಖಲೆಯೊಂದಿಗೆ ಬಿಡಿಸಿ ತೋರಿಸಬಲ್ಲ ಯುವಕ ಯುವತಿಯರು ಬೇಕಾಗುತ್ತಾರೆ.

ಉಪಗ್ರಹ ಟಿ.ವಿ. ಮೊದಲು ಬಂದ ಜಿಲ್ಲೆಗಳಲ್ಲಿ ಒಂದು

ಭಾರತದ ಸಂವಹನ ಅಧ್ಯಯನದಲ್ಲಿ ಎಲ್ಲ ವಿಶ್ವವಿದ್ಯಾಲಯಗಳೂ ಕಲಿಸುವ ಒಂದು ಪ್ರಯೋಗವಿದೆ. ಅದರ ಚಿಕ್ಕ ಹೆಸರು ‘ಸೈಟ್’. ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಭಾರತಕ್ಕೆ ಒದಗಿಸಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ 6 ರಾಜ್ಯಗಳ 20 ಜಿಲ್ಲೆಗಳ ಸುಮಾರು 2,400 ಹಳ್ಳಿಗಳಿಗೆ ಇಸ್ರೊ ಮತ್ತು ಆಕಾಶವಾಣಿಯ ದೂರದರ್ಶನ ವಿಭಾಗ ಸೇರಿ ಟಿ.ವಿ. ಕಾರ್ಯಕ್ರಮ ತಲುಪಿಸಿದವು. ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಇನ್ನೂ ಇಲ್ಲದ ಕಾಲದಲ್ಲಿ ಈ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಒಟ್ಟಿಗೆ ಕುಳಿತು ಟಿ.ವಿ. ನೋಡಿದರು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಎಂದು ದಿನಕ್ಕೆ 4 ಗಂಟೆಯ ಪ್ರಸಾರ. ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ ಇದರ ಮುಖ್ಯ ವಿಷಯಗಳು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ.

ಪ್ರಯೋಗ ನಡೆದದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ ಎಂಬುದನ್ನೂ ನೆನಪಿಡಬೇಕು. 1975ರ ಜೂನ್‌ನಲ್ಲಿ ಪತ್ರಿಕೆಗಳ ಮೇಲೆ ಸೆನ್ಸಾರ್ ಬಿತ್ತು, ಆಗಸ್ಟ್‌ನಲ್ಲಿ ಹಳ್ಳಿಗೆ ಟಿ.ವಿ. ಬಂತು. ಒಂದು ಕಡೆ ಮಾತು ಮುಚ್ಚಿತು, ಇನ್ನೊಂದು ಕಡೆ ಸರ್ಕಾರದ್ದೇ ಆದ ಹೊಸ ಮಾತು ಹಳ್ಳಿಯ ಶಾಲೆಯ ಅಂಗಳಕ್ಕೆ ಇಳಿಯಿತು. ಇಸ್ರೊ ತನ್ನ ಪ್ರಯೋಗದ ಫಲವನ್ನು ಅಳೆಯಲು ಸಮಾಜ ವಿಜ್ಞಾನಿಗಳನ್ನು ನೇಮಿಸಿತು, ಕೆಲವು ಹಳ್ಳಿಗಳಲ್ಲಿ ಮಾನವಶಾಸ್ತ್ರಜ್ಞರು ತಿಂಗಳುಗಟ್ಟಲೆ ತಂಗಿದರು. ಪ್ರಯೋಗದ ನಂತರ ಆ ಕೆಲಸ ಮುಂದುವರಿಸಲು 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂತು.

ಆ ವರ್ಷ ಟಿ.ವಿ. ನೋಡಿದ ಹತ್ತು ವರ್ಷದ ಮಕ್ಕಳಿಗೆ ಈಗ ಅರವತ್ತು. ಆಗಿನ ದೊಡ್ಡವರಲ್ಲಿ ಉಳಿದವರು ಕಡಿಮೆ. ಹಳ್ಳಿಗಳಲ್ಲಿ ಆ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸಕ್ಕೆ ಕಾಲ ಹೆಚ್ಚು ಉಳಿದಿಲ್ಲ. ಇಲ್ಲಿಯ ಮಾತು, ಇಲ್ಲಿಯ ನಂಟು ಇರುವ ವಿದ್ಯಾರ್ಥಿಗೆ ಇದು ಸುಲಭ. ಹೊರಗಿನಿಂದ ಬಂದವನಿಗೆ ಮೊದಲ ತಿಂಗಳು ಬರೀ ಪರಿಚಯಕ್ಕೇ ಹೋಗುತ್ತದೆ.

ಚಿಂಚೋಳಿಯಿಂದ ಹೊರಟ ಮಾತು

ರಾಜಕೀಯ ಸಂವಹನದ ಇನ್ನೊಂದು ದೊಡ್ಡ ಪಾಠ 371(ಜೆ). ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಈ ಪ್ರದೇಶ 1948ರ ಸೆಪ್ಟೆಂಬರ್ 17ರ ನಂತರ ಭಾರತದೊಳಕ್ಕೆ, 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಳಕ್ಕೆ ಬಂತು. ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡು ಸಲ (1968–71 ಮತ್ತು 1989–90) ಮುಖ್ಯಮಂತ್ರಿಯಾದರೂ ಪ್ರದೇಶ ಹಿಂದೆಯೇ ಉಳಿದಿದೆ ಎಂಬ ಕೊರಗು ಹೋಗಲಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ಆ ಕೊರಗಿಗೆ ಅಂಕಿ ಅಂಶ ಸಿಕ್ಕಿತು. ರಾಜ್ಯದ 114 ಹಿಂದುಳಿದ ತಾಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು, ಅವುಗಳಲ್ಲಿ 21 ಕಲಬುರಗಿ ವಿಭಾಗದವು ಎಂದು ವರದಿ ಗುರುತಿಸಿತು.

ಚಿಂಚೋಳಿಯಿಂದ ವಿಧಾನಸಭೆಗೆ ಆರಿಸಿಬಂದಿದ್ದ ಮಾಜಿ ಸಚಿವ ವೈಜನಾಥ ಪಾಟೀಲರು ಹೈದರಾಬಾದ್ ಕರ್ನಾಟಕ ಹೋರಾಟ ಸಮಿತಿಯ ಮುಂದಾಳಾಗಿ ವಿಶೇಷ ಸ್ಥಾನಮಾನದ ಬೇಡಿಕೆಯನ್ನು ವರ್ಷಗಟ್ಟಲೆ ಹಿಡಿದು ನಡೆದರು. ಒಂದು ಹಂತದಲ್ಲಿ ಕೇಂದ್ರ ಸರ್ಕಾರ ಬೇಡಿಕೆಯನ್ನು ತಳ್ಳಿಹಾಕಿತು. ಕೊನೆಗೆ 2012ರ ಡಿಸೆಂಬರ್‌ನಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು, 2013ರಲ್ಲಿ ಅದು ಜಾರಿಗೆ ಬಂತು. ಪಾಟೀಲರು 2019ರಲ್ಲಿ ತೀರಿಕೊಂಡರು. ಅದೇ ವರ್ಷ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕ ಎಂದು ಬದಲಾಯಿತು.

ಇಲ್ಲಿ ಗಮನಿಸಬೇಕಾದದ್ದು, ದೂರು ಹೇಗೆ ಬೇಡಿಕೆಯಾಯಿತು ಎಂಬುದು. ನಮಗೆ ಅನ್ಯಾಯವಾಗಿದೆ ಎನ್ನುವುದು ಒಂದು ಬಗೆ. ಆಂಧ್ರಕ್ಕೆ 371(ಡಿ) ಇದೆ, ಮಹಾರಾಷ್ಟ್ರದ ವಿದರ್ಭ ಮರಾಠವಾಡಕ್ಕೆ 371(2) ಇದೆ, ನಮಗೇಕೆ ಇಲ್ಲ ಎಂದು ಕೇಳುವುದು ಇನ್ನೊಂದು ಬಗೆ. ಎರಡನೆಯದಕ್ಕೆ ದೆಹಲಿ ಉತ್ತರ ಕೊಡಲೇಬೇಕಾಗುತ್ತದೆ. ಆ ಕಾಲದ ಸ್ಥಳೀಯ ಪತ್ರಿಕೆಗಳು, ಬೆಂಗಳೂರಿನ ಪತ್ರಿಕೆಗಳು, ಸಂಸತ್ತಿನ ಚರ್ಚೆಗಳು — ಈ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಂದೇ ಬೇಡಿಕೆ ಮೂರು ಕಡೆ ಮೂರು ಬಗೆಯಲ್ಲಿ ಹೇಗೆ ಕಾಣಿಸಿತು ಎಂಬುದು ತಿಳಿಯುತ್ತದೆ. ಇದಕ್ಕೆ ‘ವಿಷಯ ವಿಶ್ಲೇಷಣೆ’ ಎನ್ನುತ್ತಾರೆ. ಎಷ್ಟು ಸುದ್ದಿ, ಯಾವ ಪುಟ, ಯಾರ ಹೇಳಿಕೆ, ಯಾವ ಪದ ಎಂದು ಎಣಿಸಿ ಪಟ್ಟಿ ಮಾಡುವ ಕೆಲಸ. ಬೇಸರದ ಕೆಲಸವೇ. ಆದರೆ ಅಂಗಡಿಯ ರೋಕಡ ಪುಸ್ತಕ ಬರೆದು ಅಭ್ಯಾಸ ಇರುವ ಮನೆಯ ಮಕ್ಕಳಿಗೆ ಕಷ್ಟವಾಗಲಿಕ್ಕಿಲ್ಲ.

ಎಲ್ಲಿ ಓದಬಹುದು?

ಮೊದಲು ತಿಳಿಯಬೇಕಾದ ಸಂಗತಿ: ‘ರಾಜಕೀಯ ಸಂವಹನ’ ಎಂಬ ಹೆಸರಿನ ಪದವಿಯನ್ನೇ ಹುಡುಕುತ್ತ ಕೂತರೆ ಕಲಬುರಗಿ ಭಾಗದಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಇದು ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಎಂ.ಎ. ಒಳಗೇ ಬರುತ್ತದೆ, ಕೆಲವು ಪತ್ರಿಕೆಗಳಾಗಿ ಮತ್ತು ಮುಖ್ಯವಾಗಿ ಕೊನೆಯ ವರ್ಷದ ಪ್ರಬಂಧವಾಗಿ. ಆದ್ದರಿಂದ ಪದವಿಯ ಹೆಸರಿಗಿಂತ ಪಠ್ಯಕ್ರಮ ನೋಡಬೇಕು, ಸಂಶೋಧನಾ ವಿಧಾನ ಮತ್ತು ಪ್ರಬಂಧಕ್ಕೆ ಎಷ್ಟು ಮಹತ್ವ ಇದೆ ಎಂದು ಕೇಳಬೇಕು.

ಹತ್ತಿರದಲ್ಲಿ ಮೂರು ಕಡೆ ಈ ಓದು ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು 1980ರಲ್ಲಿ ಸ್ವತಂತ್ರವಾದ ಗುಲ್ಬರ್ಗಾ ವಿಶ್ವವಿದ್ಯಾಲಯದ ‘ಜ್ಞಾನಗಂಗಾ’ ಆವರಣದಲ್ಲಿ ಪತ್ರಿಕೋದ್ಯಮ ವಿಭಾಗವಿದೆ. 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ರಸ್ತೆಯ ಕಡಗಂಚಿಯಲ್ಲಿದೆ. ಕಲಬುರಗಿ ನಗರದಲ್ಲಿ 2017ರಲ್ಲಿ ಸ್ಥಾಪನೆಯಾದ ಶರಣಬಸವ ವಿಶ್ವವಿದ್ಯಾಲಯ ಖಾಸಗಿ ಸಂಸ್ಥೆ. ಹೆಣ್ಣುಮಕ್ಕಳಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೂ ಒಂದು ಆಯ್ಕೆ. ಮೈಸೂರು, ಬೆಂಗಳೂರು, ಧಾರವಾಡ, ಮಂಗಳೂರು ವಿಶ್ವವಿದ್ಯಾಲಯಗಳಲ್ಲಿ ಹಳೆಯ ವಿಭಾಗಗಳಿವೆ. ಅಂಗಡಿ ಬಿಟ್ಟು ಹೋಗಲಾಗದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಮತ್ತು ಇಗ್ನೊ ಇವೆ, ಆದರೆ ಈ ವಿಷಯ ತರಗತಿಯಲ್ಲಿ ವಾದ ಮಾಡುತ್ತ ಕಲಿಯುವಂಥದ್ದು. ನೇರವಾಗಿ ಓದುವ ಅವಕಾಶ ಇದ್ದರೆ ಅದೇ ಒಳ್ಳೆಯದು.

ಹೈದರಾಬಾದನ್ನು ಮರೆಯಬಾರದು. ವಾಡಿ–ಸಿಕಂದರಾಬಾದ್ ರೈಲು ಮಾರ್ಗ ಚಿತ್ತಾಪುರ ಮತ್ತು ಸೇಡಂ ಮೂಲಕವೇ ಹೋಗುತ್ತದೆ. ರೈಲಿಲ್ಲದ ಚಿಂಚೋಳಿಯವರಿಗೂ ತಾಂಡೂರು ಹತ್ತಿರ. ಹೈದರಾಬಾದ್ ವಿಶ್ವವಿದ್ಯಾಲಯದ ಸಂವಹನ ವಿಭಾಗ ದೇಶದಲ್ಲಿ ಹೆಸರಾದದ್ದು. ಬೆಂಗಳೂರಿಗಿಂತ ಅದು ಈ ಊರುಗಳಿಗೆ ಬಹಳ ಹತ್ತಿರ, ಆದರೂ ಮನೆಗಳಲ್ಲಿ ಬೆಂಗಳೂರಿನ ಹೆಸರೇ ಮೊದಲು ಬರುತ್ತದೆ.

ಎಡವುವುದು ಇಲ್ಲೇ. ಕಡಗಂಚಿ ಮತ್ತು ಹೈದರಾಬಾದ್ ಎರಡೂ ಕೇಂದ್ರೀಯ ವಿಶ್ವವಿದ್ಯಾಲಯಗಳು, ಪ್ರವೇಶ ಸಿಯುಇಟಿ-ಪಿಜಿ ಪರೀಕ್ಷೆಯ ಮೂಲಕ. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಅರ್ಜಿ ಕರೆಯುವುದು ಡಿಸೆಂಬರ್ ಕೊನೆ ಅಥವಾ ಜನವರಿ ಸುಮಾರಿಗೆ, ಪರೀಕ್ಷೆ ಮಾರ್ಚ್‌ನಲ್ಲಿ. ಪದವಿಯ ಕೊನೆಯ ವರ್ಷದಲ್ಲಿ ಇರುವಾಗಲೇ ಅರ್ಜಿ ಹಾಕಬೇಕು. ತಾಲೂಕು ಕೇಂದ್ರಗಳಲ್ಲಿ ಬಹಳ ಮನೆಗಳು ಫಲಿತಾಂಶ ಬಂದ ಮೇಲೆ ಮುಂದಿನ ಓದಿನ ಮಾತು ಎತ್ತುತ್ತವೆ. ಅಷ್ಟರಲ್ಲಿ ಈ ಎರಡೂ ಬಾಗಿಲು ಆ ವರ್ಷಕ್ಕೆ ಮುಚ್ಚಿರುತ್ತವೆ. ರಾಜ್ಯದ ವಿಶ್ವವಿದ್ಯಾಲಯಗಳ ಅಧಿಸೂಚನೆ ಫಲಿತಾಂಶದ ನಂತರ ಬರುತ್ತದೆ, ಅಲ್ಲಿ ಅಂಥ ಅವಸರ ಇಲ್ಲ.

ಕಡಗಂಚಿ ಕಲಬುರಗಿಯ ಆಚೆ ಬದಿಗಿದೆ. ಚಿಂಚೋಳಿ ಅಥವಾ ಸೇಡಂನಿಂದ ದಿನಾ ಹೋಗಿ ಬರುವ ಮಾತಲ್ಲ, ಹಾಸ್ಟೆಲ್ ಬೇಕು. ಸೂರ್ಯಾಸ್ತದ ಮೊದಲು ಊಟ, ಗಡ್ಡೆ ತರಕಾರಿ ಇಲ್ಲದ ಅಡುಗೆ ಪಾಲಿಸುವ ಮನೆಯವರು ಪ್ರವೇಶಕ್ಕೆ ಮೊದಲೇ ಹಾಸ್ಟೆಲ್ಲಿನ ಊಟದ ಸಮಯ, ಅಡುಗೆಯ ವ್ಯವಸ್ಥೆ ಕೇಳಿಕೊಳ್ಳುವುದು ಒಳ್ಳೆಯದು. ಇದಕ್ಕಾಗಿಯೇ ಕಲಬುರಗಿ ನಗರದಲ್ಲಿ ನೆಂಟರ ಮನೆಯಿಂದ ಓದುವ ಮಕ್ಕಳಿಗೆ ಗುಲ್ಬರ್ಗಾ ವಿಶ್ವವಿದ್ಯಾಲಯವೇ ಅನುಕೂಲ. ಶಹಾಬಾದ್ ಮತ್ತು ವಾಡಿಯಿಂದ ರೈಲಿನಲ್ಲಿ ಹೋಗಿ ಬರುವುದೂ ಸಾಧ್ಯ.

ಮೀಸಲಾತಿ, ವಿದ್ಯಾರ್ಥಿವೇತನ

371(ಜೆ) ಹೋರಾಟದ ಫಲ ಈ ಪ್ರವೇಶದಲ್ಲೇ ಕಾಣುತ್ತದೆ. ಹುಟ್ಟಿನಿಂದ ಅಥವಾ ವಾಸದಿಂದ ಈ ಪ್ರದೇಶದವರಾದ ವಿದ್ಯಾರ್ಥಿಗಳಿಗೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇ. 8 ಸೀಟುಗಳ ಮೀಸಲಾತಿ 2013ರ ಆದೇಶದಿಂದ ಬಂದಿದೆ. ಅಂದರೆ ಮೈಸೂರಿನಲ್ಲಿ ಓದಬೇಕೆನ್ನುವ ಚಿತ್ತಾಪುರದ ಹುಡುಗಿಗೂ ಇದು ಉಪಯೋಗಕ್ಕೆ ಬರುತ್ತದೆ. ಇದಕ್ಕೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಶಾಲಾ ದಾಖಲೆ, ತಂದೆ ತಾಯಿಯ ವಾಸದ ದಾಖಲೆ ಮೊದಲೇ ಹೊಂದಿಸಿಕೊಂಡಿದ್ದರೆ ಪ್ರವೇಶದ ಹೊತ್ತಿನ ಓಡಾಟ ತಪ್ಪುತ್ತದೆ. ಹೊರ ರಾಜ್ಯಗಳಿಂದ ವ್ಯಾಪಾರಕ್ಕೆ ಬಂದು ನೆಲೆಸಿದ ಕುಟುಂಬಗಳು ವಾಸದ ದಾಖಲೆಯ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕು.

ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು ಪ್ರವರ್ಗ 3ಬಿಯಲ್ಲಿ ಬರುತ್ತಾರೆ, ಇದಕ್ಕೆ ಆದಾಯ ಮಿತಿ ಅನ್ವಯಿಸುತ್ತದೆ. ಅಲ್ಪಸಂಖ್ಯಾತ ಸ್ಥಾನದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. 2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಘೋಷಿಸಲಾಯಿತು. ಇದರಿಂದ ವಿದ್ಯಾರ್ಥಿವೇತನ, ಸಾಲದಂಥ ಯೋಜನೆಗಳಿಗೆ ಅರ್ಜಿ ಹಾಕಲು ಅರ್ಹತೆ ಬಂತು. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸೀಟಿನ ಮೀಸಲಾತಿ ಇದರಿಂದ ಬರುವುದಿಲ್ಲ.

ಹಳೆಯ ಪಟ್ಟಿಗಳಲ್ಲಿ ಈಗಲೂ ಕಾಣುವ ಎರಡು ಕೇಂದ್ರ ಯೋಜನೆಗಳು ನಿಂತುಹೋಗಿವೆ. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ನಿಲ್ಲಿಸಿರುವುದಾಗಿ 2022ರ ಡಿಸೆಂಬರ್‌ನಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿತು. ವಿದೇಶ ಓದಿನ ಸಾಲದ ಬಡ್ಡಿಗೆ ನೆರವಾಗುತ್ತಿದ್ದ ‘ಪಢೊ ಪರದೇಶ್’ 2022–23ರಿಂದ ಇಲ್ಲ. ಇವನ್ನು ನಂಬಿ ಲೆಕ್ಕ ಹಾಕಬಾರದು. ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಯೋಜನೆಗಳನ್ನು ಆಯಾ ವರ್ಷದ ಅಧಿಸೂಚನೆ ನೋಡಿಯೇ ತಿಳಿಯಬೇಕು. ನಿಗಮದ ‘ಅರಿವು’ ಸಾಲ ಮುಖ್ಯವಾಗಿ ವೃತ್ತಿಪರ ಕೋರ್ಸುಗಳಿಗೆ ಇರುವುದರಿಂದ ಪತ್ರಿಕೋದ್ಯಮ ಎಂ.ಎ.ಗೆ ಸಿಗುತ್ತದೆಯೇ ಎಂದು ಜಿಲ್ಲಾ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಬೇಕು. ಪಿಎಚ್.ಡಿ. ಕನಸು ಇರುವವರಿಗೆ ಯುಜಿಸಿ-ನೆಟ್ ಪರೀಕ್ಷೆಯ ಜೆಆರ್‌ಎಫ್ ಗಟ್ಟಿ ದಾರಿ. 2023ರಿಂದ ಅದರ ಮೊತ್ತ ತಿಂಗಳಿಗೆ 37,000 ರೂಪಾಯಿ.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಲೀಡ್ಸ್, ಕಾರ್ಡಿಫ್‌ನಂಥ ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಇದೇ ವಿಷಯದಲ್ಲಿ ಒಂದು ವರ್ಷದ ಪ್ರತ್ಯೇಕ ಸ್ನಾತಕೋತ್ತರ ಪದವಿ ಇದೆ. ಖರ್ಚು ಬಹಳ. ಇಲ್ಲಿ ಎಂ.ಎ. ಮುಗಿಸಿ, ಒಂದೆರಡು ವರ್ಷ ಕೆಲಸ ಮಾಡಿ, ಪ್ರಬಂಧವೊಂದನ್ನು ಕೈಯಲ್ಲಿ ಹಿಡಿದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದು ಬುದ್ಧಿವಂತಿಕೆ. ಪದವಿ ಮುಗಿದ ಕೂಡಲೇ ಹೊಲ ಅಡ ಇಟ್ಟು ಹೋಗುವ ವಿಷಯವಲ್ಲ ಇದು.

ಊರೇ ಪಾಠಶಾಲೆ

ಪ್ರಬಂಧಕ್ಕೆ ವಿಷಯ ಹುಡುಕುವ ಹೊತ್ತಿಗೆ ಈ ಐದು ಊರಿನ ಮಕ್ಕಳು ಬೆಂಗಳೂರಿನ ಕಡೆ ನೋಡುವುದು ರೂಢಿ. ಬೇಕಿಲ್ಲ.

ಸುಣ್ಣದಕಲ್ಲಿನ ಈ ನೆಲದಲ್ಲಿ ವಾಡಿ, ಸೇಡಂ, ಮಳಖೇಡ, ಚಿತ್ತಾಪುರ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ, ಶಹಾಬಾದ್ ಕಲ್ಲು ದೇಶದಲ್ಲೆಲ್ಲ ಹಾಸಿಗೆಯಾಗಿ ಹೋಗಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ದೊಡ್ಡ ಗಣಿ ಅಥವಾ ಕಾರ್ಖಾನೆಗೆ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಜಾಹೀರಾತು ಬರಬೇಕು, ವರದಿಯ ಸಾರಾಂಶ ರಾಜ್ಯಭಾಷೆಯಲ್ಲೂ ಇರಬೇಕು, ಸಭೆಯ ವಿಡಿಯೊ ಆಗಬೇಕು. ಆ ಜಾಹೀರಾತನ್ನು ಹಳ್ಳಿಯಲ್ಲಿ ಎಷ್ಟು ಜನ ಓದಿದರು? ಕನ್ನಡದ ಸಾರಾಂಶ ಓದಿದರೆ ಅರ್ಥವಾಗುತ್ತದೆಯೇ? ಸಭೆಯಲ್ಲಿ ಹೆಣ್ಣುಮಕ್ಕಳು ಮಾತನಾಡಿದರೇ? ಕಾರ್ಖಾನೆಯ ಪರವಾಗಲಿ ವಿರುದ್ಧವಾಗಲಿ ಮೊದಲೇ ನಿಲ್ಲದೆ ಇದನ್ನು ನೋಡಿ ಬರೆದರೆ ಊರಿಗೂ ಕಂಪನಿಗೂ ಅಧಿಕಾರಿಗಳಿಗೂ ಉಪಯೋಗ. ಸಭೆಯ ನಡಾವಳಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, 30 ದಿನದಲ್ಲಿ ಉತ್ತರ ಬರಬೇಕು. ಅರ್ಜಿ ಬರೆಯುವುದನ್ನು ಕಲಿತರೇ ಅರ್ಧ ಎಂ.ಎ. ಆದಂತೆ.

ಚುನಾವಣೆಯ ನಕ್ಷೆಯೂ ಇಲ್ಲಿ ವಿಚಿತ್ರ. ಒಂದೇ ಜಿಲ್ಲೆಯಾದರೂ ಚಿಂಚೋಳಿ ಸೇರುವುದು ಬೀದರ್ ಲೋಕಸಭಾ ಕ್ಷೇತ್ರಕ್ಕೆ, ಸೇಡಂ ಮತ್ತು ಚಿತ್ತಾಪುರ ಕಲಬುರಗಿಗೆ. ಶಹಾಬಾದ್ ಹೆಸರಿನ ವಿಧಾನಸಭಾ ಕ್ಷೇತ್ರ 2008ರ ಪುನರ್ವಿಂಗಡಣೆಯಲ್ಲಿ ಇಲ್ಲವಾಯಿತು. ಒಂದು ಪಟ್ಟಣ ತನ್ನ ಹೆಸರಿನ ಕ್ಷೇತ್ರ ಕಳೆದುಕೊಂಡರೆ ಅದರ ಸುದ್ದಿ ಪತ್ರಿಕೆಯಲ್ಲಿ ಕಡಿಮೆಯಾಗುತ್ತದೆಯೇ ಎಂಬುದು ಎಣಿಸಿ ನೋಡಬಹುದಾದ ಪ್ರಶ್ನೆ. 2019ರಲ್ಲಿ ಚಿಂಚೋಳಿಯ ಮತದಾರರು ಏಪ್ರಿಲ್ 23ಕ್ಕೆ ಲೋಕಸಭೆಗೆ, ಮೇ 19ಕ್ಕೆ ವಿಧಾನಸಭಾ ಉಪಚುನಾವಣೆಗೆ, ಹೀಗೆ ತಿಂಗಳೊಳಗೆ ಎರಡು ಸಲ ಮತ ಹಾಕಿದರು. ಮೊದಲ ಪ್ರಚಾರದಲ್ಲಿ ದೇಶದ ಮಾತು, ಎರಡನೆಯದರಲ್ಲಿ ತಾಲೂಕಿನ ಮಾತು ಹೆಚ್ಚಾಯಿತೇ? ಆ ವರ್ಷದ ಪತ್ರಿಕೆಗಳ ಕಟ್ಟು ಗ್ರಂಥಾಲಯದಲ್ಲಿ ಸಿಕ್ಕರೆ ಉತ್ತರವೂ ಸಿಗುತ್ತದೆ.

ಇನ್ನು ಮಳಖೇಡ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ಊರು, ಸೇಡಂ ತಾಲೂಕಿನ ಕಾಗಿಣಾ ದಂಡೆಯಲ್ಲಿದೆ. ಯಾತ್ರೆಗೆ ಹೋಗುವ ಜೈನರಿಗೆ ನೇಮಿನಾಥ ಬಸದಿ ಗೊತ್ತು. 9ನೇ ಶತಮಾನದ ಕವಿರಾಜಮಾರ್ಗ ಇಲ್ಲಿಯ ಆಸ್ಥಾನದಲ್ಲಿ ಹುಟ್ಟಿತು, ಕನ್ನಡ ಒಂದೊಂದು ಕಡೆ ಒಂದೊಂದು ರೀತಿ ಎಂಬುದನ್ನು ಅದು ಆಗಲೇ ಗುರುತಿಸಿತ್ತು. ಇದೇ ಮಳಖೇಡದಲ್ಲಿ 2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಅವರು ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳ 50,000ಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರ ನೀಡುವ ಸಮಾರಂಭದಲ್ಲಿ ಭಾಗವಹಿಸಿದರು. ಅವರಲ್ಲಿ ಹೆಚ್ಚಿನವರು ತಾಂಡಾಗಳ ಲಂಬಾಣಿ ಕುಟುಂಬಗಳು. ಆ ಸುದ್ದಿ ದೆಹಲಿಯ ಚಾನೆಲ್‌ಗಳಲ್ಲಿ ಒಂದು ಬಗೆ, ಕಲಬುರಗಿ ಪತ್ರಿಕೆಗಳಲ್ಲಿ ಇನ್ನೊಂದು ಬಗೆ, ತಾಂಡಾದ ಮೊಬೈಲ್‌ಗಳಲ್ಲಿ ಗೋರ್‌ಬೋಲಿಯಲ್ಲಿ ಮತ್ತೊಂದು ಬಗೆ ಹರಿದಿರುತ್ತದೆ. ಕನ್ನಡ, ದಖ್ಖನಿ ಉರ್ದು, ತೆಲುಗು, ಗೋರ್‌ಬೋಲಿ ನಾಲ್ಕೂ ಕಿವಿಗೆ ಬೀಳುವ ಸೇಡಂ–ಚಿಂಚೋಳಿಯ ವಿದ್ಯಾರ್ಥಿಗೆ ಇಂಥ ಅಧ್ಯಯನದಲ್ಲಿ ಇರುವ ಬಲ ಇಂಗ್ಲಿಷ್ ಮಾತ್ರ ಬಲ್ಲವನಿಗೆ ಇಲ್ಲ. ಇಂಗ್ಲಿಷ್ ಬರುವುದಿಲ್ಲ ಎಂದು ಹಿಂಜರಿಯುವ ಕನ್ನಡ ಮಾಧ್ಯಮದ ಮಕ್ಕಳಿಗೆ ಮನೆಯವರು ಇದನ್ನು ಹೇಳಬೇಕು. ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವುದನ್ನು ಎರಡು ವರ್ಷದಲ್ಲಿ ಕಲಿಯಬಹುದು.

ಕೆಲಸ ಎಲ್ಲಿ?

ಪತ್ರಿಕೆ, ಟಿ.ವಿ. ವರದಿಗಾರಿಕೆಯಲ್ಲಿ ಆರಂಭದ ಸಂಬಳ ಕಡಿಮೆ, ಹೊತ್ತು ಗೊತ್ತಿಲ್ಲದ ಕೆಲಸ. ತಾಲೂಕು ಮಟ್ಟದಲ್ಲಿ ಬರೆಯುವವರಿಗೆ ಜಾಹೀರಾತು ತರುವ ಹೊಣೆಯೂ ಬೀಳುವುದುಂಟು, ಜಾಹೀರಾತು ಕೊಟ್ಟವರ ಬಗ್ಗೆ ನೇರವಾಗಿ ಬರೆಯುವುದು ಆಗ ಕಷ್ಟ. ಮನೆಯಲ್ಲಿ ಬೇರೆ ಆದಾಯ ಇರುವ ಕುಟುಂಬದ ಮಕ್ಕಳು ಈ ಒತ್ತಡವನ್ನು ಸ್ವಲ್ಪ ತಾಳಿಕೊಳ್ಳಬಲ್ಲರು ಎಂಬುದು ನಿಜ.

ಬೇರೆ ದಾರಿಗಳೂ ಇವೆ. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಹುದ್ದೆಗಳಿಗೆ ಈ ಪದವಿ ಉಪಯುಕ್ತ. ನೆಟ್ ಅಥವಾ ಕೆ-ಸೆಟ್ ಪಾಸಾದವರು ಕಾಲೇಜು ಅಧ್ಯಾಪಕರಾಗಬಹುದು. ಕಾರ್ಖಾನೆಗಳ ಸಾರ್ವಜನಿಕ ಸಂಪರ್ಕ ಮತ್ತು ಸಾಮಾಜಿಕ ಹೊಣೆಯ ವಿಭಾಗ, ಸ್ವಯಂಸೇವಾ ಸಂಸ್ಥೆ, ಸುದ್ದಿಯ ಸತ್ಯಾಸತ್ಯ ಪರಿಶೀಲಿಸುವ ತಂಡಗಳಿಗೂ ಇಂಥವರು ಬೇಕು. ಪಕ್ಷಗಳ ‘ವಾರ್ ರೂಂ’ಗಳಲ್ಲಿ ಚುನಾವಣೆಯ ಕಾಲಕ್ಕೆ ಒಳ್ಳೆಯ ಹಣ ಸಿಗುತ್ತದೆ, ಆದರೆ ಅದು ಕೆಲವು ತಿಂಗಳ ಕೆಲಸ. ಸುಳ್ಳು ಹರಡುವ ಪೋಸ್ಟ್ ಮಾಡಿ ಎಂದು ಹೇಳಿದ ದಿನ ಬಿಟ್ಟು ಬರುವ ಧೈರ್ಯ ಇದ್ದವರು ಮಾತ್ರ ಅಲ್ಲಿಗೆ ಹೋಗಬೇಕು.

ಕಾನೂನು ತಿಳಿದವರಿಗೆ ಚುನಾವಣೆಯ ಹೊತ್ತಿನಲ್ಲಿ ಬೇಡಿಕೆ ಹೆಚ್ಚು. ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ. ಪ್ರತಿ ಜಿಲ್ಲೆಯಲ್ಲೂ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಇರುತ್ತದೆ. ಟಿ.ವಿ. ಜಾಹೀರಾತಿಗೆ ಅದರ ಪೂರ್ವಾನುಮತಿ ಬೇಕು, ಕಾಸಿಗಾಗಿ ಸುದ್ದಿ ಬಂದಿದೆಯೇ ಎಂದು ಅದು ನೋಡುತ್ತದೆ. ಕರಪತ್ರದಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿರುವ ಸಮಾಜ ಬಾಂಧವರಿಗೆ ಈ ಕೊನೆಯ ನಿಯಮ ಓದಿಲ್ಲದೆಯೂ ಬಾಯಿಪಾಠ.

ಈಗ ಪದವಿಯ ಕೊನೆಯ ವರ್ಷದಲ್ಲಿರುವವರು ಮಾಡಬಹುದಾದ ಕೆಲಸ ಸುಲಭದ್ದು. ಒಂದು ತಿಂಗಳು ದಿನಾ ಎರಡು ಪತ್ರಿಕೆಗಳ ಕಲಬುರಗಿ ಆವೃತ್ತಿ ತೆಗೆದುಕೊಂಡು, ತಮ್ಮ ತಾಲೂಕಿನ ಸುದ್ದಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತಿಸಬೇಕು: ನಾಯಕರ ಭೇಟಿಯ ಸುದ್ದಿ ಎಷ್ಟು, ಕುಡಿಯುವ ನೀರಿನದ್ದು ಎಷ್ಟು, ತೊಗರಿ ಧಾರಣೆಯದ್ದು ಎಷ್ಟು, ಅಪರಾಧದ್ದು ಎಷ್ಟು, ಹೆಣ್ಣುಮಕ್ಕಳ ಹೇಳಿಕೆ ಎಷ್ಟು ಕಡೆ ಇದೆ. ಪ್ರವೇಶದ ಹೊತ್ತಿಗೆ ಆ ನೋಟ್‌ಬುಕ್ ಜೊತೆಗಿಟ್ಟುಕೊಂಡು ವಿಭಾಗಕ್ಕೆ ಹೋದರೆ ಅಧ್ಯಾಪಕರೊಡನೆ ಮಾತು ಶುರುಮಾಡಲು ಅಷ್ಟು ಸಾಕು.